ಮಧ್ಯಾಹ್ನ ಅಡ್ಡಾಗುವಾಗ ವಾಚನ್ನು ಸುಮ್ಮನಿರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದ ಮೇಲೆ ರಾತ್ರಿ ಹನ್ನೆರಡು, ಒಂದು ಗಂಟೆವರೆಗೂ ಸುಲಿಯುವ ಕೆಲಸ. ಅದಕ್ಕೇ ಮಧ್ಯಾಹ್ನ ಸ್ವಲ್ಪ ಅಡ್ಡಾಗುತ್ತೇನೆ. ಒಂದು ದಿನ ಎರಡಕ್ಕೆ, ಇನ್ನೊಂದು ದಿನ ಮೂರೂವರೆಗೆ. ಮಗ ಕೊಡಿಸಿದ ಆಪಲ್ ವಾಚ್ ಇದೆ. ಅದರ ಸ್ಲೀಪ್ ಮೋಡ್ ರಾತ್ರಿ ಹತ್ತಕ್ಕೆ ತಾನೇ ಆನ್ ಆಗುತ್ತದೆ, ಆಗ ನಾನು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ! ಮಧ್ಯಾಹ್ನ ಕಣ್ಣು ಮುಚ್ಚಿದರೆ ಮಾತ್ರ ಅಡಿಕೆ ದರದ ವಾಟ್ಸಾಪ್ ಗುಂಪಿನ ಕಾಟ. ದಿನಾ ಟೈಮ್ ಬದಲಿಸುತ್ತಾ ಇರಬೇಕಾ?

ಉತ್ತರ: ಬೇಡ ಮಾರಾಯ್ರೇ. ತಂಬುಳಿ ಊಟದ ಮೇಲೆ ಬರುವ ನಿದ್ದೆ ಗಂಟೆ ನೋಡಿ ಬರುತ್ತದಾ?

ವಾಚಿನ ಪಕ್ಕದ ಉದ್ದ ಬಟನ್ ಒತ್ತಿ. ಕಂಟ್ರೋಲ್ ಸೆಂಟರ್ ತೆರೆಯುತ್ತದೆ. ಅಲ್ಲಿ ಫೋಕಸ್ ಗುಂಡಿ ಮುಟ್ಟಿ, ಮಂಚದ ಚಿತ್ರವಿರುವ ‘ಸ್ಲೀಪ್’ ಆರಿಸಿ. ಅಷ್ಟೇ. ಪರದೆ ಮಂಕಾಗುತ್ತದೆ, ಕೈ ಎತ್ತಿದರೂ ಬೆಳಗುವುದಿಲ್ಲ, ದರದ ಗುಂಪು ಬಾಯಿ ಮುಚ್ಚುತ್ತದೆ. ಸಾಮಾನ್ಯವಾಗಿ ಜೊತೆಯ ಐಫೋನ್ ಕೂಡ ಸುಮ್ಮನಾಗುತ್ತದೆ. ರಾತ್ರಿಯ ಟೈಮನ್ನು ಮಾತ್ರ ಸುಲಿಯುವ ಕೆಲಸ ಮುಗಿಯುವ ತನಕ ಹತ್ತರಿಂದ ಒಂದಕ್ಕೆ ಒಂದೇ ಸಲ ಸರಿಸಿಬಿಡಿ.

ಜಾಸ್ತಿ ಜನ ಎಡವುವುದು ಅಲಾರಂ ವಿಷಯದಲ್ಲಿ. ಬೆಳಿಗ್ಗೆ ಎಬ್ಬಿಸುವುದು ಸ್ಲೀಪ್ ಮೋಡ್ ಅಲ್ಲ, ಅದರ ಜೊತೆ ನೀವು ಇಟ್ಟ ವೇಳಾಪಟ್ಟಿ. ಕೈಯಾರೆ ಆನ್ ಮಾಡಿದಾಗ ಯಾರೂ ಎಬ್ಬಿಸುವುದಿಲ್ಲ, ಎದ್ದಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ! ಆದ್ದರಿಂದ ಮೊದಲು ಟೈಮರ್ ಇಡಿ, ಆಮೇಲೆ ಸ್ಲೀಪ್ ಒತ್ತಿ. ಟೈಮರ್ ಸ್ಲೀಪ್ ಮೋಡಿನಲ್ಲೂ ಕೆಲಸ ಮಾಡುತ್ತದೆ.

ಎಷ್ಟು ನಿಮಿಷ? ನಾನಾದರೆ 35 ಇಡುತ್ತೇನೆ. ದೂರದ ವಿಮಾನ ಓಡಿಸುವ ಪೈಲಟ್‌ಗಳಿಗೆ ನಾಸಾ ಒಮ್ಮೆ 40 ನಿಮಿಷ ಬಿಡುವು ಕೊಟ್ಟು ನೋಡಿತ್ತು. ಅವರು ಮಲಗಿದ್ದು ಸರಾಸರಿ 26 ನಿಮಿಷ, ಅಷ್ಟಕ್ಕೇ ಚುರುಕಾಗಿದ್ದರು. ಮುಕ್ಕಾಲು ಗಂಟೆ, ಒಂದು ಗಂಟೆ ಎಳೆದರೆ ಗಾಢ ನಿದ್ದೆಯ ನಡುವೆ ಏಳಬೇಕಾಗಿ ತಲೆ ಜಡವಾಗುತ್ತದೆ. ಆ ತಲೆಯಲ್ಲಿ ಮೆಟ್ಟುಗತ್ತಿ ಮುಂದೆ ಕೂರುವುದು ಒಳ್ಳೆಯದಲ್ಲ, ಅಲ್ವಾ?

ಇನ್ನೊಂದು ಪಜೀತಿ, ಎದ್ದ ಮೇಲೆ ಆಫ್ ಮಾಡಲು ಮರೆಯುವುದು. ನಾನೇ ಒಮ್ಮೆ ಮರೆತಿದ್ದೆ. ಗ್ಯಾಸ್ ಸಿಲಿಂಡರ್ ತಂದವನು ಗೇಟಿನಿಂದ ಫೋನ್ ಮಾಡಿ, ಉತ್ತರ ಸಿಗದೆ ವಾಪಸ್ ಹೋಗಿದ್ದ. ಟೈಮರ್ ನಿಲ್ಲಿಸಿದ ಕೈಯಲ್ಲೇ ಸ್ಲೀಪನ್ನೂ ಆಫ್ ಮಾಡಿ. ಮನೆಯವರಿಗೆ, ಅಡಿಕೆ ಕೊಯ್ಯುವ ಕೊನೆಗೌಡನಿಗೆ ಒಂದು ಮಾತು ಹೇಳಿಡಿ: ತುರ್ತಿದ್ದರೆ ಬೆನ್ನಿಗೇ ಎರಡನೇ ಸಲ ಫೋನ್ ಮಾಡಲಿ. ಐಫೋನಿನ ಫೋಕಸ್ ಸೆಟ್ಟಿಂಗ್‌ನಲ್ಲಿ ಮರುಕರೆಗೆ ಅನುಮತಿ ಇದ್ದರೆ, ಅದೇ ವ್ಯಕ್ತಿ 3 ನಿಮಿಷದೊಳಗೆ ಮಾಡಿದ ಎರಡನೇ ಕರೆ ರಿಂಗ್ ಆಗುತ್ತದೆ.

ನಿದ್ದೆಯ ಲೆಕ್ಕಕ್ಕೂ ಸ್ಲೀಪ್ ಮೋಡಿಗೂ ಗಂಟು ಹಾಕಬೇಡಿ. 2024ರಲ್ಲಿ ಬಂದ ಆಪಲ್ ವಾಚಿನ ತಂತ್ರಾಂಶ ವಾಚ್‌ಒಎಸ್ 11ರಿಂದ ಈಚೆಗೆ ಹಗಲು ನಿದ್ದೆಯನ್ನೂ ವಾಚ್ ತಾನಾಗಿ ಗುರುತಿಸುತ್ತದೆ. ಇಪ್ಪತ್ತು ನಿಮಿಷದ ಜೊಂಪು ತಪ್ಪಿಹೋದರೆ ಹೋಗಲಿ ಬಿಡಿ. ಮೈ ಹಗುರಾಗಿದ್ದು ನಿಮಗೇ ಗೊತ್ತಾಗುತ್ತದಲ್ಲ.

ಪ್ರಶ್ನೆ: ಕುಮಟಾದವನು, ಯಕ್ಷಗಾನ ಮೇಳದಲ್ಲಿ ಮದ್ದಳೆ ನುಡಿಸುತ್ತೇನೆ. ಆಟ ಮುಗಿಸಿ ಬೆಳಿಗ್ಗೆ ಸಿಕ್ಕಲ್ಲಿ ಎರಡು ತಾಸು ಮಲಗುತ್ತೇನೆ. ಫಿಟ್‌ಬಿಟ್‌ನಲ್ಲಿ ನಿದ್ದೆ ಕಾಣುತ್ತದೆ, ಗಾಢ ನಿದ್ದೆ, ಕನಸಿನ ನಿದ್ದೆ ಅಂತ ಬೇರೆಬೇರೆ ತೋರಿಸುವುದಿಲ್ಲ. ಕೆಟ್ಟಿದೆಯಾ?

ಉತ್ತರ: ಇಲ್ಲ. ಹಂತ ಬಿಡಿಸಿ ತೋರಿಸಲು ಫಿಟ್‌ಬಿಟ್‌ಗೆ ಕನಿಷ್ಠ 3 ಗಂಟೆಯ ನಿದ್ದೆ ಬೇಕು. ಪಟ್ಟಿ ಸಡಿಲವಿದ್ದು ನಾಡಿಬಡಿತ ಸರಿಯಾಗಿ ಸಿಗದಿದ್ದರೂ ಹೀಗಾಗುತ್ತದೆ. ಮದ್ದಳೆಗೆ ಕೂರುವಾಗ ವಾಚ್ ಬಿಚ್ಚಿಡುತ್ತೀರಿ ಅಂದುಕೊಂಡಿದ್ದೇನೆ. ಮಲಗುವ ಮುಂಚೆ ಬೆವರು ಒರೆಸಿ, ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ ಕಟ್ಟಿಕೊಳ್ಳಿ. ಮೇಳಕ್ಕೆ ಮಳೆಗಾಲದ ರಜೆ ಬಂದು ಮನೆಯಲ್ಲಿ ಮಲಗಿದಾಗ ಹಂತಗಳು ತಾವಾಗಿ ಕಾಣಿಸಿಕೊಳ್ಳುತ್ತವೆ.