ಸಂಪಾದಕರ ಉತ್ತರ: ಊರಿನ ನಕ್ಷೆಗೆ ಪಿನ್ನು ಸಾಲದು

ಉಡುಪಿ ತಾಲೂಕಿನ ಸ್ವರ್ಣಾ ನದಿ ದಡದ ಊರಿನಿಂದ, ಅಲ್ಲಿನ ಯುವಕ ಮಂಡಲದ ಪರವಾಗಿ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರಿನ ಮದಕ (ಕೆರೆ), ನಾಗಬನ, ಕಟ್ಟೆ, ಹಳೆಯ ಕಾಲುದಾರಿಗಳನ್ನು ಗೂಗಲ್ ಮ್ಯಾಪಿನಲ್ಲಿ ಗುರುತು ಮಾಡಿದ್ದೇವೆ. ಹಿರಿಯರಿಗೆ ತೋರಿಸಿದರೆ ‘ಇದು ನಮ್ಮ ಊರು ಅಲ್ಲವೇ ಅಲ್ಲ’ ಅನ್ನುತ್ತಾರೆ. ಎಲ್ಲಿ ತಪ್ಪಿದೆವು? ಯಾವ ಆ್ಯಪ್ ಬಳಸಬೇಕು? ಡ್ರೋನ್ ಬಾಡಿಗೆಗೆ ಒಂದಿಷ್ಟು ಹಣ ಒಟ್ಟು ಮಾಡಿದ್ದೇವೆ, ಪ್ರಯೋಜನವಾದೀತೇ?”

ನಿಮ್ಮ ಹಿರಿಯರು ಹೇಳಿದ್ದು ಸರಿ. ಪಿನ್ನುಗಳು ಸರಿಯಾದ ಜಾಗದಲ್ಲೇ ಬಿದ್ದಿರಬಹುದು. ಆದರೆ ಮದಕದ ತೂಬು ತೆರೆದಾಗ ನೀರು ಯಾವ ಬೈಲಿಗೆ ಇಳಿದು ಯಾರ ಗದ್ದೆಗೆ ಮೊದಲು ಹೋಗುತ್ತಿತ್ತು ಎಂಬುದನ್ನು ತೋರಿಸಲು ಗೆರೆ ಬೇಕು. ನೇಮದ (ಭೂತಕೋಲದ) ದಿನ ದೈವದ ಭಂಡಾರ ಬರುವ ದಾರಿಯೂ ಗೆರೆಯೇ. ಸೊಪ್ಪು ತರುತ್ತಿದ್ದ ಕುಮ್ಕಿ ಗುಡ್ಡಕ್ಕೆ (ಸಾಗುವಳಿ ಜಮೀನಿಗೆ ತಾಗಿದ ಸರ್ಕಾರಿ ಜಾಗಕ್ಕೆ) ಸುತ್ತಳತೆ ಇದೆ. ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವ ದಿಣ್ಣೆಯಂತೂ ಇಳಿತದ ಹೊತ್ತಿನಲ್ಲಿ ಮಾತ್ರ ಕಾಣುವ ಜಾಗ. ಪಿನ್ನು ಹಾಕಿದ ಕೂಡಲೇ ಇವೆಲ್ಲ ಒಂದೇ ಆಕಾರದವಾಗುತ್ತವೆ. ಮೇಲಿಂದ ಉಪಗ್ರಹ ಚಿತ್ರದ ತೊಡಕು ಬೇರೆ. ಮಳೆಗಾಲದಲ್ಲಿ ಕರಾವಳಿ ಮೋಡದ ಅಡಿಯಲ್ಲಿರುವ ಕಾರಣ, ಮ್ಯಾಪಿನಲ್ಲಿ ಸಿಗುವುದು ಹೆಚ್ಚಾಗಿ ಬೇಸಗೆಯ ಚಿತ್ರ. ಏಣೆಲು (ಮಳೆಗಾಲದ ಭತ್ತ) ಬೆಳೆಯ ಕಾಲದಲ್ಲಿ ನೀರು ತುಂಬಿದ್ದ ಬೈಲು ಅದರಲ್ಲಿ ಒಣಗಿದ ಬಯಲಾಗಿ ಕಾಣುತ್ತದೆ, ಮದಕ ಕಾಣದೆಯೂ ಹೋಗಬಹುದು.

ಈ ಕೆಲಸಕ್ಕೆ ನೋಡಬೇಕಾದ ಮಾದರಿ ಕೆನಡಾದ ಉತ್ತರ ತುದಿಯ ಇನುಯಿಟ್ ಜನರದ್ದು. 1970ರ ದಶಕದಲ್ಲಿ ಅಲ್ಲಿನ ಬೇಟೆಗಾರರು ಒಬ್ಬೊಬ್ಬರಾಗಿ ಕುಳಿತು, ತಮ್ಮ ಆಯುಷ್ಯದಲ್ಲಿ ಎಲ್ಲೆಲ್ಲಿ ಬೇಟೆಯಾಡಿದೆವು, ಎಲ್ಲಿ ಮೀನು ಹಿಡಿದೆವು ಎಂದು ನಕ್ಷೆಯ ಮೇಲೆ ಗೆರೆ ಎಳೆದರು. 1976ರಲ್ಲಿ ಅದು ಮೂರು ಸಂಪುಟಗಳ ವರದಿಯಾಯಿತು. ಭೂಹಕ್ಕಿನ ಮಾತುಕತೆಗೆ ಅದೇ ಆಧಾರವಾಗಿ, 1993ರಲ್ಲಿ ಒಪ್ಪಂದವೂ 1999ರಲ್ಲಿ ನುನಾವುಟ್ ಎಂಬ ಪ್ರತ್ಯೇಕ ಆಡಳಿತ ಪ್ರದೇಶವೂ ಬಂದವು. “ನಾನು ಇಲ್ಲಿ ಈ ಕೆಲಸ ಮಾಡಿದೆ” ಎಂಬ ಒಬ್ಬೊಬ್ಬರ ಮಾತೇ ಆ ನಕ್ಷೆಗಳ ಬಲ.

ನೀವೂ ಕೆಲಸವನ್ನೇ ಕೇಳಿ. “ನಿಮಗೆ ಇಷ್ಟವಾದ ಜಾಗ ಯಾವುದು?” ಎಂದು ಕೇಳಿದರೆ ಎಲ್ಲರೂ ದೇವಸ್ಥಾನ ತೋರಿಸಿಯಾರು. ಸೊಪ್ಪು ಎಲ್ಲಿಂದ ತರುತ್ತಿದ್ದಿರಿ, ದನ ಎಲ್ಲಿ ಬಿಡುತ್ತಿದ್ದಿರಿ, ಮೊದಲ ಮಳೆಗೆ ಕಲ್ಲಣಬೆ ಎಲ್ಲಿ ಸಿಗುತ್ತಿತ್ತು, ನೆರೆ ಬಂದರೆ ಶಾಲೆಗೆ ಯಾವ ಸಂಕ (ಕಾಲುಸೇತುವೆ) ದಾಟುತ್ತಿದ್ದಿರಿ, ಕುದ್ರುವಿಗೆ (ನದಿಯ ದ್ವೀಪಕ್ಕೆ) ದೋಣಿ ಯಾವ ಕಡವಿನಿಂದ ಎಂದು ಕೇಳಿ. ಉತ್ತರ ಬೆರಳ ತುದಿಯಲ್ಲಿ ಬರುತ್ತದೆ. ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ನಕ್ಷೆಯ ಪ್ರಾಮಾಣಿಕತೆ ನಿಂತಿದೆ. ಗುತ್ತಿನ ಮನೆಯ (ಊರ ಹಿರಿಯ ಭೂಮಾಲೀಕರ ಮನೆಯ) ಚಾವಡಿಯಲ್ಲಿ ಮಾತ್ರ ಕುಳಿತರೆ ಆ ಮನೆ ಮುಂದಿನ ಬಾಕಿಮಾರು ಗದ್ದೆಯ ಊರಷ್ಟೇ ಸಿಗುತ್ತದೆ. ನೇಜಿ (ಭತ್ತದ ಸಸಿ) ನೆಟ್ಟ ಹೆಂಗಸರು, ದೋಣಿ ನಡೆಸಿದವರು, ಬುಟ್ಟಿಗೆ ಬಳ್ಳಿ ತರುತ್ತಿದ್ದ ಕೊರಗ ಕುಟುಂಬದವರು ಬೇರೆಯೇ ಊರನ್ನು ಬಲ್ಲವರು. ಹೆಂಗಸರ ಜೊತೆ ಬೇರೆಯಾಗಿ ಕುಳಿತುಕೊಳ್ಳಿ. ಗಂಡಸರು ಪಕ್ಕದಲ್ಲಿದ್ದರೆ ಉತ್ತರ ಅವರೇ ಕೊಡುತ್ತಾರೆ.

ಆ್ಯಪ್ ಆಮೇಲೆ, ಮೊದಲು ಕಾಗದ. ಕ್ಯುಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ 1:5000 ಅಳತೆಗೆ ಎ1 ಹಾಳೆಯ ನಕ್ಷೆ ಮಾಡಿ. ಒಂದು ಸೆಂಟಿಮೀಟರಿಗೆ 50 ಮೀಟರ್ ಆಗುತ್ತದೆ, ಒಂದೇ ಹಾಳೆಯಲ್ಲಿ ಸುಮಾರು 4.2 ಕಿ.ಮೀ. ಉದ್ದ, 3 ಕಿ.ಮೀ. ಅಗಲದ ಜಾಗ ಹಿಡಿಯುತ್ತದೆ. ಶಾಲೆ, ಸೇತುವೆ, ರಸ್ತೆ, ತೋಡುಗಳಷ್ಟೇ ಇರಲಿ, ಬಣ್ಣ ತೆಳುವಾಗಿರಲಿ. ದಟ್ಟವಾಗಿ ಮುದ್ರಿಸಿದರೆ ಜನ ಅದರಲ್ಲಿ ಇರುವ ಹೆಸರುಗಳನ್ನೇ ಓದಿ ಹೇಳುತ್ತಾರೆ, ತಮ್ಮದನ್ನು ಹೇಳುವುದಿಲ್ಲ. ನಾಲ್ಕು ಮೂಲೆಗೂ ಕೂಡು ಗುರುತು ಹಾಕಿ, ಪಕ್ಕದಲ್ಲಿ ಅಕ್ಷಾಂಶ ರೇಖಾಂಶ ಬರೆಯಿರಿ. ಪ್ರತಿಯೊಬ್ಬರಿಗೂ ಅದರ ಮೇಲೆ ಹೊಸ ಪಾರದರ್ಶಕ ಹಾಳೆ ಹಾಸಿ, ಮೂಲೆ ಗುರುತುಗಳನ್ನು ಅದಕ್ಕೂ ಎತ್ತಿಕೊಂಡು, ಆ ವ್ಯಕ್ತಿಯ ಸಂಕೇತ ಸಂಖ್ಯೆ ಮತ್ತು ದಿನಾಂಕ ಬರೆಯಿರಿ. ಟ್ರೇಸಿಂಗ್ ಪೇಪರ್ ಬೇಡ. ನಮ್ಮ ಮಳೆಗಾಲದ ತೇವ ಹೀರಿ ಅದು ಉಬ್ಬಿ ಸುಕ್ಕಾಗುತ್ತದೆ, ಮೂಲೆಗಳು ಮತ್ತೆ ಕೂಡುವುದಿಲ್ಲ. ಪಾಲಿಯೆಸ್ಟರ್ ಹಾಳೆ, ಅಳಿಯದ ಸಪೂರ ಮಾರ್ಕರ್ ಸಾಕು. ಗೆರೆ ಒಂದು ಮಿಲಿಮೀಟರ್ ದಪ್ಪವಿದ್ದರೆ ನೆಲದ ಮೇಲೆ ಅದು 5 ಮೀಟರ್. ಅದಕ್ಕಿಂತ ಹೆಚ್ಚಿನ ನಿಖರತೆ ಇದೆಯೆಂದು ಆಮೇಲೆ ಯಾರಿಗೂ ಹೇಳಬೇಡಿ. ಮಾತನ್ನು ಅನುಮತಿ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿ. ಗೆರೆಗೆ ನಂಬರು ಕೊಟ್ಟಾಗ ಆ ನಂಬರನ್ನು ಬಾಯಲ್ಲೂ ಹೇಳಿ, ಆಗ ಯಾವ ಮಾತು ಯಾವ ಗೆರೆಯದ್ದೆಂದು ತಿಳಿಯುತ್ತದೆ.

ಈ ಹಾಳೆಯನ್ನು ಸ್ಕ್ಯಾನ್ ಮಾಡಿಸಿ ಕ್ಯುಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ (ಚಿತ್ರವನ್ನು ಭೂಮಿಯ ಮೇಲಿನ ಸರಿಯಾದ ಜಾಗಕ್ಕೆ ಹೊಂದಿಸುವ ಸಾಧನ) ಮೂಲೆ ಗುರುತುಗಳ ಮೇಲೆ ಕೂರಿಸಿ. ಸ್ಥಾನ ಗುರುತಿಸುವ ಪದ್ಧತಿ ಕೇಳಿದಾಗ ನಮ್ಮ ಜಿಲ್ಲೆಗಳಿಗೆ ಯುಟಿಎಂ ವಲಯ 43 ಉತ್ತರ, ಅಂದರೆ ತಂತ್ರಾಂಶದ ಪಟ್ಟಿಯಲ್ಲಿ ಇಪಿಎಸ್‌ಜಿ 32643 ಆರಿಸಿದರೆ ಅಳತೆ ನೇರ ಮೀಟರಿನಲ್ಲಿ ಸಿಗುತ್ತದೆ. ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆಯನ್ನು ಹಿನ್ನೆಲೆಗೆ ಬಳಸಿದರೆ ಒಂದು ಎಚ್ಚರ ಬೇಕು. ಅವು ಭೂಮಿಯ ಆಕಾರದ ಹಳೆಯ ಲೆಕ್ಕವಾದ ಎವರೆಸ್ಟ್ ಗೋಲಾಭದ ಮೇಲಿನವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕ. ಪರಿವರ್ತನೆ ಮಾಡದೆ ಜೋಡಿಸಿದರೆ ಎಲ್ಲವೂ ನೂರು ಮೀಟರಿಗೂ ಹೆಚ್ಚು ಸರಿದಿರುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆ, ದಿಶಾಂಕ್ ಆ್ಯಪ್ ಇವೆರಡೂ ಸರ್ವೆ ನಂಬರು ತಿಳಿಯಲು ಒಳ್ಳೆಯವು, ಗಡಿ ತಕರಾರಿಗೆ ಅವನ್ನು ಪುರಾವೆ ಮಾಡಬೇಡಿ.

ಬಿಂದು, ಗೆರೆ, ವಿಸ್ತೀರ್ಣ ಎಂದು ಮೂರು ಪದರ ಮಾಡಿ. ಮಾಹಿತಿ ಪಟ್ಟಿಯ ಪ್ರತಿ ಸಾಲಿನಲ್ಲೂ ಹೇಳಿದವರ ಸಂಕೇತ, ಕೆಲಸ, ಅವರು ಹೇಳಿದಂತೆಯೇ ತುಳು ಅಥವಾ ಕೊಂಕಣಿ ಹೆಸರು, ತಿಂಗಳು, ಯಾವ ಕಾಲದಿಂದ ಯಾವ ಕಾಲದವರೆಗೆ, ಅನುಮತಿ ಇಷ್ಟಿರಲಿ. ಕಡತವನ್ನು ಜಿಯೋಪ್ಯಾಕೇಜ್ ಎಂಬ ನಕ್ಷೆ ಕಡತದ ರೂಪದಲ್ಲಿ ಉಳಿಸಿ. ಹಳೆಯ ರೂಪವಾದ ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕತ್ತರಿಸಿ ಹೋಗುತ್ತದೆ, ಕನ್ನಡ ಕೆಲವೊಮ್ಮೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ. ಹಳೆಯ ನುಡಿ ಅಕ್ಷರದ ಕಡತ ತಂದರೆ ಎಲ್ಲವೂ ಗೋಜಲು. ಎಕ್ಸೆಲ್‌ನಿಂದ ಉಳಿಸುವಾಗ “ಸಿಎಸ್‌ವಿ ಯುಟಿಎಫ್-8” ಆರಿಸಿ.

ಆಮೇಲೆ ಹಿರಿಯರೊಂದಿಗೆ ನಡೆದು ನೋಡಿ. ಇಲ್ಲಿ ಫೋನಿನಲ್ಲೇ ಮಾಹಿತಿ ದಾಖಲಿಸುವ ಕ್ಯುಫೀಲ್ಡ್ ಅಥವಾ ಕೋಬೋಟೂಲ್‌ಬಾಕ್ಸ್ ಕೆಲಸಕ್ಕೆ ಬರುತ್ತದೆ, ಎರಡೂ ನೆಟ್‌ವರ್ಕ್ ಇಲ್ಲದಲ್ಲೂ ನಡೆಯುತ್ತವೆ. ತೆರೆದ ಗದ್ದೆಯಲ್ಲಿ ಫೋನಿನ ಜಿಪಿಎಸ್ 5 ಮೀಟರಿನೊಳಗೆ ಬರಬಹುದು. ಬನದ ದಟ್ಟ ಮರಗಳಡಿ 10ರಿಂದ 20 ಮೀಟರ್ ಅಲೆಯುತ್ತದೆ, ಎಲೆಗಳು ಉಪಗ್ರಹದ ಸಿಗ್ನಲನ್ನು ತಡೆಯುವುದರಿಂದ. ಹೇಗಿದ್ದರೂ ನಾಗಬನದೊಳಗೆ ಫೋನು ಹಿಡಿದು ಹೋಗಬೇಕಾಗಿಲ್ಲ. ಹೊರಗಿನ ಗದ್ದೆಪುಣಿಯಲ್ಲಿ (ಬದುವಿನಲ್ಲಿ) ನಿಂತು ಬಿಂದು ತೆಗೆದು, ಮರಗಳ ಹೊರ ಅಂಚನ್ನು ಉಪಗ್ರಹ ಚಿತ್ರ ನೋಡಿ ಎಳೆಯಿರಿ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಹೀಟ್‌ಮ್ಯಾಪ್ (ಗೆರೆ ಹೆಚ್ಚು ಬಿದ್ದಲ್ಲಿ ಗಾಢ ಬಣ್ಣ ಬಳಿಯುವ ನಕ್ಷೆ) ಬಗ್ಗೆ ನಮ್ಮದು ಗಟ್ಟಿ ಅಭಿಪ್ರಾಯ: ಮಾಡಬೇಡಿ. ಹದಿನೈದಿಪ್ಪತ್ತು ಜನರ ಗೆರೆಗಳಿಗೆ ಕೆಂಪು ಹಳದಿ ಬಣ್ಣ ಬಳಿದರೆ, ಬಣ್ಣ ಬೀಳದ ಗುಡ್ಡ ಯಾರಿಗೂ ಬೇಡವಾದದ್ದೆಂದು ತೋರುತ್ತದೆ. ನಾಳೆ ಅಲ್ಲಿ ಕಲ್ಲುಕೋರೆ ಕೇಳುವವರಿಗೆ ನಿಮ್ಮ ನಕ್ಷೆಯೇ ಸಾಕ್ಷಿಯಾದೀತು. ಬದಲಿಗೆ 100 ಮೀಟರಿನ ಷಟ್ಕೋನ ಜಾಲ ಹಾಕಿ, ಪ್ರತಿ ಷಟ್ಕೋನದೊಳಗೆ ಎಷ್ಟು ಬೇರೆ ಬೇರೆ ಸಂಕೇತ ಸಂಖ್ಯೆಗಳಿವೆ ಎಂದು ಎಣಿಸಿ. ಒಬ್ಬರೇ ಹತ್ತು ಗೆರೆ ಎಳೆದರೂ ಎಣಿಕೆ ಒಂದೇ ಆಗುತ್ತದೆ. ಯಾರನ್ನು ಕೇಳಿಲ್ಲವೆಂಬುದನ್ನೂ ನಕ್ಷೆಯ ಅಡಿಯಲ್ಲಿ ಬರೆಯಿರಿ.

ಪ್ರಕಟಣೆಗೆ ಎರಡು ಪ್ರತಿ ಬೇಕು: ಎಲ್ಲರಿಗೂ ತೋರಿಸುವುದೊಂದು, ಊರೊಳಗೇ ಉಳಿಯುವುದೊಂದು. ಕಾಲುದಾರಿ, ಸಂಕ, ಕೆರೆ, ಊರ ಹೆಸರುಗಳು ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹೋಗಲಿ, ಅಲ್ಲಿ ತುಳು ಹೆಸರಿಗೂ ಜಾಗವಿದೆ. ಆದರೆ ಗೂಗಲ್ ಚಿತ್ರ ನೋಡಿ ಎಳೆದದ್ದನ್ನು ಪರವಾನಗಿಯ ಕಾರಣ ಅಲ್ಲಿಗೆ ಹಾಕುವಂತಿಲ್ಲ. ಒಮ್ಮೆ ಹಾಕಿದ್ದು ಅಳಿಸಿದರೂ ಅಲ್ಲಿನ ಬದಲಾವಣೆಗಳ ದಾಖಲೆಯಲ್ಲಿ ಉಳಿಯುತ್ತದೆ. ಹಳೆಯ ಕಲ್ಲು ಶಿಲ್ಪವಿರುವ ಬನ, ಮದ್ದಿನ ಗಿಡದ ಜಾಗ, ಮರುವಾಯಿ ದಿಣ್ಣೆ ಇವು ಹೇಳಿದವರ ಒಪ್ಪಿಗೆಯಿಲ್ಲದೆ ಹೊರಗೆ ಹೋಗಬಾರದು. ಸೂಚನೆಯಾಗಿ ಮಾತ್ರ ತೋರಿಸಬೇಕಿದ್ದರೆ ಅಕ್ಷಾಂಶ ರೇಖಾಂಶಗಳನ್ನು ಎರಡು ದಶಮಾಂಶಕ್ಕೆ ಇಳಿಸಿ, ಗುರುತು ಸುಮಾರು ಒಂದು ಕಿ.ಮೀ.ನಷ್ಟು ಒರಟಾಗುತ್ತದೆ.

ಡ್ರೋನ್ ಬೇಡ. ಹಾರಿಸುವ ಮೊದಲು 2021ರ ಡ್ರೋನ್ ನಿಯಮಗಳಂತೆ ಜಾಗ ಯಾವ ವಲಯದಲ್ಲಿದೆ ಎಂದು ನೋಡಬೇಕು. ಅಷ್ಟು ಮಾಡಿದರೂ ಅದಕ್ಕೆ ಕಾಣುವುದು ಮರದ ತಲೆಗಳಷ್ಟೇ, ಮರದ ಕೆಳಗಿನ ಕಾಲುದಾರಿ ಕಾಣುವುದಿಲ್ಲ. ಆ ಹಣದಲ್ಲಿ ಕರಡು ನಕ್ಷೆಯನ್ನು ಮುದ್ರಿಸಿ, ಗೆರೆ ಎಳೆದ ಪ್ರತಿಯೊಬ್ಬರ ಮನೆಗೂ ಒಯ್ಯಿರಿ. ತಿದ್ದಲು ಕೆಂಪು ಪೆನ್ನನ್ನು ಅವರ ಕೈಗೇ ಕೊಡಿ. ತಿದ್ದಿದ್ದನ್ನು ಹೊಸ ದಿನಾಂಕ ಹಾಕಿ ಹೊಸ ಸಾಲಾಗಿ ಸೇರಿಸಿ, ಹಳೆಯ ಸಾಲನ್ನು ಅಳಿಸಬೇಡಿ.