737ರಿಂದ ಎ320ಗೆ ಹೋಗುವುದು ಅನುಭವ ಇದ್ದವರಿಗೆ ಸುಲಭವೇ?

ಬೋಯಿಂಗ್ 737 ಬಿಟ್ಟು ಏರ್‌ಬಸ್ ಎ320 ಹಾರಿಸಲು ಹೋಗಲಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ನಗು ಬಂತು. "737ರಲ್ಲಿ 3,000 ಗಂಟೆ ಆಗಿದೆ, ಹಾಗಾಗಿ ಎ320 ಕಷ್ಟ ಆಗಲ್ಲ ಅಂದುಕೊಂಡಿದ್ದೇನೆ." ಟೈಪ್ ರೇಟಿಂಗ್‌ಗೆ, ಅಂದರೆ ಹೊಸ ಮಾದರಿಯ ವಿಮಾನದ ತರಬೇತಿಗೆ, ಹೊರಡುವ ಹಿಂದಿನ ರಾತ್ರಿ ನಾನು ಹೆಂಡತಿಗೆ ಹೇಳಿದ್ದೂ ಇದೇ. ಆಗ ನನ್ನದು 3,400 ಗಂಟೆ. ಬೇಗ ಮುಗಿಸಿ ಬರ್ತೀನಿ, ವರ್ಷದೊಳಗೆ ಕಮಾಂಡ್, ಕ್ಯಾಪ್ಟನ್ ಆಗ್ತೀನಿ ಅಂದಿದ್ದೆ.

ಮೊದಲ ತಿಂಗಳು ಸುಲಭವಾಗಿಯೇ ಇತ್ತು. 737ರಲ್ಲಿ ಹೈಡ್ರಾಲಿಕ್ಸ್ ಎ, ಬಿ, ಸ್ಟ್ಯಾಂಡ್‌ಬೈ. ಇಲ್ಲಿ ಹಸಿರು, ನೀಲಿ, ಹಳದಿ. ಅಷ್ಟೇ ತಾನೆ? ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪೇಪರ್ ಒಂದೇ ಸಲಕ್ಕೆ ಪಾಸು. ಸಿಮ್ಯುಲೇಟರ್‌ನಲ್ಲೂ ಹೊಗಳಿಸಿಕೊಂಡೆ. ಎದುರಿಗೆ ಯೋಕ್, ಅಂದರೆ ಸ್ಟೀರಿಂಗ್‌ನಂಥ ಹಿಡಿ, ಇಲ್ಲ, ಆ ಜಾಗದಲ್ಲಿ ಎಳೆದುಕೊಳ್ಳುವ ಟೇಬಲ್ ಇದೆ, ಸಾಂಬಾರ್ ತೊಡೆ ಮೇಲೆ ಚೆಲ್ಲುವ ಕಾಲ ಮುಗಿಯಿತು ಅಂತ ಹಳೇ ಸ್ನೇಹಿತರಿಗೆಲ್ಲ ಫೋಟೋ ಕಳಿಸಿದ್ದೆ.

ಆಮೇಲೆ ಲೈನ್ ಟ್ರೇನಿಂಗ್. ಅಂದರೆ ನಿಜವಾದ ವಿಮಾನ, ಹಿಂದೆ ನಿಜವಾದ ಪ್ರಯಾಣಿಕರು, ಎಡಗಡೆ ಸೀಟಿನಲ್ಲಿ ಟ್ರೇನಿಂಗ್ ಕ್ಯಾಪ್ಟನ್. ನಮ್ಮವರು ಧಾರವಾಡದ ಕಡೆಯವರು, ಮಾತು ಕಡಿಮೆ. ಒಂದು ಬೆಳಗ್ಗೆ ಬೆಂಗಳೂರಿಗೆ ಇಳಿಯುತ್ತಿದ್ದೆವು. ಮೋಡ ಇಲ್ಲ, ಗಾಳಿ ಇಲ್ಲ. ಆಟೋಪೈಲಟ್ ತೆಗೆದು ನಾನೇ ಹಾರಿಸುತ್ತಿದ್ದೆ, ಎಂಜಿನ್ ಶಕ್ತಿಯನ್ನು ತಾನೇ ನೋಡಿಕೊಳ್ಳುವ ಆಟೋಥ್ರಸ್ಟ್ ಆನ್ ಇತ್ತು. 700 ಅಡಿ. ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಲ್ಲ. ಟವರ್‌ನಿಂದ ಕರೆ ಬಂತು, ಗೋ ಅರೌಂಡ್. ಇಳಿಯಬೇಡ, ಮೇಲೆ ಹೋಗು.

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನಗೆ ಏಳು ತಿಂಗಳು ಕಳೆದಿದ್ದು ಇದರಿಂದಲೇ.

737ರಲ್ಲಿ ಎಂಜಿನ್ ಶಕ್ತಿಯ ಹಿಡಿ, ಅಂದರೆ ಥ್ರಸ್ಟ್ ಲಿವರ್, ಅದರ ಕೆಳಗೆ ಟೋಗಾ (ಟೇಕಾಫ್/ಗೋ ಅರೌಂಡ್) ಗುಂಡಿ ಇರುವುದು ನಿಮಗೇ ಗೊತ್ತು. ಒಮ್ಮೆ ಒತ್ತಿದರೆ ಆಟೋಥ್ರಾಟಲ್ (ಆಟೋಥ್ರಸ್ಟ್‌ಗೆ ಬೋಯಿಂಗ್ ಹೆಸರು) ಲಿವರ್‌ಗಳನ್ನು ತಾನೇ ಮುಂದಕ್ಕೆ ಒಯ್ಯುತ್ತದೆ. ಎರಡನೇ ಸಲ ಒತ್ತಿದರೆ ಪೂರ್ತಿ ಶಕ್ತಿ. ಕೈ ಲಿವರ್ ಮೇಲೆ ಸುಮ್ನೆ ಕೂತಿರುತ್ತದೆ, ಲಿವರ್ ಜೊತೆ ಹೋಗುತ್ತದೆ. ಕೈಯಿಂದ ಹಾರಿಸುವಾಗ ನಾವೇ ತಳ್ಳುತ್ತೇವೆ, ಸರಿ. ಆದರೂ ಬೆರಳು ಮೊದಲು ಹೋಗುವುದು ಗುಂಡಿಗೇ.

ಎ320ಯಲ್ಲಿ ಆ ಗುಂಡಿಯೇ ಇಲ್ಲ. ಲಿವರ್ ತಾನಾಗಿ ಕದಲುವುದೂ ಇಲ್ಲ. ಟೇಕಾಫ್ ಆದ ಮೇಲೆ ಇಳಿಯುವವರೆಗೆ ಕ್ಲೈಂಬ್ ಅನ್ನುವ ಒಂದು ಕಚ್ಚಿನಲ್ಲಿ, ಅಂದರೆ ಡಿಟೆಂಟ್‌ನಲ್ಲಿ, ಕೂತಿರುತ್ತದೆ. ಎಂಜಿನ್ ಐಡಲ್‌ನಲ್ಲಿ, ಅಂದರೆ ಕನಿಷ್ಠ ಶಕ್ತಿಯಲ್ಲಿ, ಇದ್ದರೂ ಅಲ್ಲೇ, ಗರ್ಜಿಸುತ್ತಿದ್ದರೂ ಅಲ್ಲೇ. ಅಲ್ಲಿಂದ ಮುಂದಕ್ಕೆ ತಳ್ಳಿದರೆ ಒಂದು 'ಟಕ್', ಅದು ಎಂಸಿಟಿ, ಸತತವಾಗಿ ಬಳಸಬಹುದಾದ ಗರಿಷ್ಠ ಶಕ್ತಿ. ಇನ್ನೂ ತಳ್ಳಿದರೆ ಎರಡನೇ 'ಟಕ್', ಅದು ಟೋಗಾ. ಆ ಎರಡನೇ ಟಕ್ ಬಂದರೆ ಮಾತ್ರ ನೀವು ಮೇಲೆ ಹೋಗುತ್ತಿದ್ದೀರಿ ಅಂತ ವಿಮಾನಕ್ಕೆ ತಿಳಿಯುತ್ತದೆ. ಒಂದೇ ಟಕ್‌ಗೆ ನಿಂತರೆ ಎಂಜಿನ್ ಜೋರಾಗುತ್ತದೆ, ಆದರೆ ಕಂಪ್ಯೂಟರ್ ಪ್ರಕಾರ ನೀವಿನ್ನೂ ಇಳಿಯುತ್ತಲೇ ಇದ್ದೀರಿ.

ನಾನು ಒಂದು ಟಕ್‌ಗೆ ನಿಲ್ಲಿಸಿದೆ. ಎಡಗೈಯ ತೋರುಬೆರಳು ಲಿವರ್ ಕೆಳಗೆ ಇಲ್ಲದ ಗುಂಡಿ ಹುಡುಕಿತು, ಕೈ ಸ್ವಲ್ಪ ಮುಂದೆ ಹೋಗಿ, ಉಳಿದಿದ್ದನ್ನು ಲಿವರ್ ನೋಡಿಕೊಳ್ಳುತ್ತದೆ ಅಂತ ಕಾದು ಕೂತಿತು. ಬಾಯಲ್ಲಿ ಮಾತ್ರ "ಗೋ ಅರೌಂಡ್, ಫ್ಲ್ಯಾಪ್ಸ್" ಅಂತ ಸರಿಯಾಗಿಯೇ ಹೇಳಿದ್ದೆ. ಕ್ಯಾಪ್ಟನ್ ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂಬದಿಯ ಫಲಕ, ಒಂದು ಹಂತ ಎತ್ತಿದರು. ನಾನು ಮೂಗು ಎತ್ತಿದೆ. ಮೂಗು ಎಲ್ಲಿಡಬೇಕು ಅಂತ ಪರದೆಯಲ್ಲಿ ತೋರಿಸುವ ಫ್ಲೈಟ್ ಡೈರೆಕ್ಟರ್ ಬಾರ್ ಇನ್ನೂ ಗ್ಲೈಡ್ ಸ್ಲೋಪ್, ಅಂದರೆ ಇಳಿಯುವ ದಾರಿ, ಹಿಡಿದಿತ್ತು, ಕೆಳಗೆ ಬಾ ಅಂತಿತ್ತು. ವಿಧೇಯ ವಿದ್ಯಾರ್ಥಿ ನಾನು, ಬಾರ್ ಹಿಂದೆಯೇ ಹೋದೆ. ಎಂಜಿನ್ ಪೂರ್ತಿಗೆ ಹತ್ತಿರದ ಶಕ್ತಿಯಲ್ಲಿ, ಮೂಗು ಕೆಳಗೆ. ವೇಗ 140, 160, 180. ಫ್ಲ್ಯಾಪ್ 3ರ ಮಿತಿ 185 ನಾಟ್. ಅದೂ ದಾಟಿತು, ಎಚ್ಚರಿಕೆ ಗಂಟೆ ಬಡಿಯತೊಡಗಿತು. ಕ್ಯಾಪ್ಟನ್ "ಟೋಗಾ!" ಅಂತ ಕೂಗಿ ನನ್ನ ಕೈ ಮೇಲೆ ಕೈಯಿಟ್ಟು ಲಿವರ್ ಕೊನೆ ಮುಟ್ಟಿಸಿದರು. ಒಟ್ಟು ಹತ್ತು ಸೆಕೆಂಡ್ ಇರಬಹುದು.

ಇಳಿದ ಮೇಲೆ ಫ್ಲ್ಯಾಪ್ ಪರೀಕ್ಷೆಗೆ ಅಂತ ವಿಮಾನ ನಿಂತಿತು. ಪ್ರಯಾಣಿಕರು ಇಳಿದು ಹೋದ ಮೇಲೆ ಕ್ಯಾಪ್ಟನ್ ಕೇಳಿದ್ದು ಒಂದೇ ಮಾತು: "ತಾನ ಹೋಗತೈತಿ ಅಂತ ಮಾಡಿದ್ದೇನ್ ತಮ್ಮಾ?"

ವರದಿ ಹೋಯಿತು. ರೋಸ್ಟರ್‌ನಿಂದ ತೆಗೆದರು. ಮತ್ತೆ ಸಿಮ್ಯುಲೇಟರ್, ಮತ್ತೆ ಮೊದಲಿನಿಂದ ಲೈನ್ ಟ್ರೇನಿಂಗ್. ನನ್ನ ಬ್ಯಾಚ್‌ನ ಇಬ್ಬರು ನನಗಿಂತ ಮೊದಲು ಕ್ಯಾಪ್ಟನ್‌ನ ನಾಲ್ಕು ಪಟ್ಟಿ ಹಾಕಿಕೊಂಡರು. ಅದರಲ್ಲೊಬ್ಬನ ಕೈಕೆಳಗೆ ನಾನು ಕೋ-ಪೈಲಟ್ ಆಗಿ ಹಾರಿದ್ದೂ ಇದೆ. ಅವನು ಪಾಪ ಒಳ್ಳೆಯವನು, ಆ ಇಡೀ ದಿನ ಗೋ ಅರೌಂಡ್ ಅನ್ನೋ ಪದವನ್ನೇ ಎತ್ತಲಿಲ್ಲ.

ಆ ಏಳು ತಿಂಗಳಲ್ಲಿ ನಾನು ಇಂಥ ಹಳೇ ವರದಿಗಳನ್ನೇ ಓದಿದೆ. 2007ರ ಜುಲೈ 21ರಂದು ಮೆಲ್ಬೋರ್ನ್‌ನಲ್ಲಿ, ಮಂಜಿನಲ್ಲಿ, ಒಂದು ಎ320ಗೆ ಆಗಿದ್ದು ಥೇಟ್ ಇದೇ. ಲಿವರ್ ಟೋಗಾ ಮುಟ್ಟಲಿಲ್ಲ, ವಿಮಾನ ಮೇಲೆ ಹೋಗುವ ಬದಲು ನೆಲದಿಂದ 38 ಅಡಿವರೆಗೆ ಇಳಿಯಿತು. ಆಮೇಲೆ ಬಚಾವಾಯಿತು. ಪರದೆ ಓದಿ ಖಚಿತ ಮಾಡಿಕೊಳ್ಳುವ ಹೆಜ್ಜೆಯನ್ನು ಆ ಕಂಪನಿ ತನ್ನ ಕ್ರಮದಲ್ಲಿ ಹಿಂದಕ್ಕೆ ತಳ್ಳಿತ್ತು.

ಇನ್ನೊಂದು ನಮ್ಮೂರಿನದೇ. 1990ರ ಫೆಬ್ರವರಿ 14, ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಎಚ್‌ಎಎಲ್ ರನ್‌ವೇ ಮುಟ್ಟದೆ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಆ ವಿಮಾನಗಳು ನಮ್ಮ ದೇಶಕ್ಕೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಎಂಜಿನ್ ಐಡಲ್‌ನಲ್ಲೇ ಉಳಿದಿತ್ತು, ವೇಗ ಕರಗುತ್ತಿದ್ದುದು ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ಲಿವರ್ ಮೇಲಿಟ್ಟ ಕೈಗೆ ಅದು ಗೊತ್ತಾಗುವ ದಾರಿಯೇ ಆ ವಿಮಾನದಲ್ಲಿಲ್ಲ. ದೊಮ್ಮಲೂರು ಕಡೆಯಿಂದ ಆ ರಸ್ತೆಯಲ್ಲಿ ಹೋಗುವಾಗ ನಾನು ಈಗಲೂ ಮಾತು ನಿಲ್ಲಿಸುತ್ತೇನೆ. ಹೆಂಡತಿಗೆ ಅಭ್ಯಾಸ ಆಗಿದೆ.

"ಅದಕ್ಕೇ ಬೋಯಿಂಗ್ ವಾಸಿ" ಅಂತ ಯಾರಾದರೂ ಅಂದರೆ 2013ರ ಸ್ಯಾನ್ ಫ್ರಾನ್ಸಿಸ್ಕೋ ಅಪಘಾತ ನೆನಪಿಸಿ. ಅಲ್ಲಿ ಬೋಯಿಂಗ್ 777 ಹಾರಿಸುತ್ತಿದ್ದವರು ಎ320ಯಿಂದ ಬಂದವರು, ಪಕ್ಕದಲ್ಲಿ ಟ್ರೇನರ್ ಬೇರೆ ಇದ್ದರು. ವೇಗವನ್ನು ಆಟೋಥ್ರಾಟಲ್ ಹಿಡಿದಿಡುತ್ತದೆ ಅಂದುಕೊಂಡರು. ಅದು ಹೋಲ್ಡ್‌ನಲ್ಲಿತ್ತು, ಅಂದರೆ ಲಿವರ್ ಕದಲಿಸುತ್ತಿರಲಿಲ್ಲ.

ಹಾಗಾಗಿ ನಿಮ್ಮ 3,000 ಗಂಟೆಯನ್ನು ಜಮೆ ಕಡೆಗೆ ಬರೆದುಕೊಳ್ಳಬೇಡಿ. ಹವಾಮಾನ, ರೇಡಿಯೋ, ಎಟಿಸಿ, ಅಲ್ಲೆಲ್ಲ ಅದು ಲಾಭ. ಥಟ್ಟನೆ ಏನಾದರೂ ಆದಾಗ ಮಾತ್ರ ಅದು ಸಾಲ. 200 ಗಂಟೆಯ ಹುಡುಗರು ನನ್ನ ತಪ್ಪು ಮಾಡುವುದಿಲ್ಲ, ಅವರ ಬೆರಳಿಗೆ ಹುಡುಕಲು ಯಾವ ಗುಂಡಿಯೂ ಇಲ್ಲ.

ಮ್ಯಾನ್ಯುಯಲ್ ಎಲ್ಲ ಈಗಲೇ ಓದಿ ಮುಗಿಸಲಾ ಅಂತಲೂ ಕೇಳಿದ್ದೀರಿ. ಬೇಡ. ಗ್ರೌಂಡ್ ಸ್ಕೂಲ್‌ನಲ್ಲಿ ಹೇಗೂ ಓದಿಸುತ್ತಾರೆ. ಅದರ ಬದಲು ಎರಡು ಕೆಲಸ ಮಾಡಿ. ಎದುರಿನ ಪರದೆಯ ನೆತ್ತಿಯಲ್ಲಿ ಐದು ಕಾಲಂನ ಪಟ್ಟಿ ಇರುತ್ತದೆ, ಎಫ್‌ಎಂಎ, ವಿಮಾನ ಈಗ ಏನು ಮಾಡುತ್ತಿದೆ ಅಂತ ಹೇಳುವುದು. ಅದು ಬದಲಾದಾಗಲೆಲ್ಲ ಬಾಯಿಬಿಟ್ಟು ಓದುವುದನ್ನು ಮನೆಯಲ್ಲೇ ರೂಢಿ ಮಾಡಿ. ಗೋ ಅರೌಂಡ್ ಆದರೆ "ಮ್ಯಾನ್ ಟೋಗಾ, ಎಸ್‌ಆರ್‌ಎಸ್" ಬರಲೇಬೇಕು, ಅಂದರೆ ಲಿವರ್ ಟೋಗಾದಲ್ಲಿದೆ, ಬಾರ್ ಮೇಲೆ ಹೋಗು ಅನ್ನುತ್ತಿದೆ. ಬರದಿದ್ದರೆ ಕೈ ತಪ್ಪಿದೆ ಅಂತ ಅರ್ಥ, ಬಾರ್ ನಂಬಬೇಡಿ, ಮತ್ತೆ ತಳ್ಳಿ. ಶಕ್ತಿ ಜಾಸ್ತಿ ಆಯಿತು ಅನಿಸಿದರೆ ಆಮೇಲೆ ಹಿಂದೆ ತನ್ನಿ, ಮೊದಲು ಕೊನೆ ಮುಟ್ಟಿಸಿ.

ಎರಡನೆಯದು ಕೈ ಕೆಲಸ. ನಾನು ಅಡುಗೆಮನೆಯ ಸ್ಟೀಲ್ ಡ್ರಾಯರ್ ಮುಂದೆ ಕುರ್ಚಿ ಹಾಕಿಕೊಂಡು, ಅದರ ಹಿಡಿ ಹಿಡಿದು ಕೊನೆಯವರೆಗೆ ತಳ್ಳುತ್ತಿದ್ದೆ. ದಿನಕ್ಕೆ ಐವತ್ತು ಸಲ. ಡ್ರಾಯರ್ ಒಳಗೆ ಬಡಿದ ಸದ್ದು ಬರುವವರೆಗೆ. ಚಮಚ ಸೌಟುಗಳೆಲ್ಲ ಕುಣಿಯುತ್ತಿದ್ದವು. ಹುಚ್ಚು ಅನಿಸಿದರೆ ಅನಿಸಲಿ.

ಹೋಗೋದಾ, 737ರಲ್ಲೇ ಕಮಾಂಡ್‌ಗೆ ಕಾಯೋದಾ ಅನ್ನೋದಕ್ಕೆ ನಾನು ಉತ್ತರ ಹೇಳಲ್ಲ. ಬಾಂಡ್ ಎಷ್ಟು, ಎಷ್ಟು ವರ್ಷ ಅನ್ನೋದನ್ನು ನೀವೇ ಕೂತು ಲೆಕ್ಕ ಹಾಕಿ. ಹೋದರೆ "ಬೋಯಿಂಗ್‌ನಲ್ಲಿ ನಾವು ಹೀಗೆ ಮಾಡ್ತಿದ್ವಿ" ಅನ್ನೋ ಮಾತನ್ನು ಮಾತ್ರ ಬಾಯಿಗೆ ತರಬೇಡಿ.

ಈಗ ನಾನು ಎಡಗಡೆ ಸೀಟಿನಲ್ಲಿದ್ದೇನೆ. ಲಿವರ್ ಬಲಗೈಗೆ ಬಂದಿದೆ, ಆ ಕೈಗೆ 737ರ ನೆನಪೇ ಇಲ್ಲ. ಹೋದ ತಿಂಗಳು ಸಿಮ್ಯುಲೇಟರ್‌ನಲ್ಲಿ ಬಲಗಡೆ ಸೀಟಿನಿಂದ ಚೆಕ್ ಇತ್ತು, ಎಷ್ಟೋ ವರ್ಷದ ಮೇಲೆ ಲಿವರ್ ಮತ್ತೆ ಎಡಗೈಗೆ. ಗೋ ಅರೌಂಡ್ ಅಂದರು. ಎರಡು ಟಕ್ ಸರಿಯಾಗಿ ಬಂತು, ಎಸ್‌ಆರ್‌ಎಸ್ ಓದಿದೆ, ಎಲ್ಲ ಸರಿ. ಮುಗಿದ ಮೇಲೆ ಪಕ್ಕದ ಹುಡುಗ ಕೇಳಿದ, "ಸರ್, ಲಿವರ್ ಕೆಳಗೆ ಏನು ಹುಡುಕ್ತಿದ್ರಿ?"