ನಿಮ್ಮ ತಂದೆ ಮೂರ್ಖರಲ್ಲ

ಪ್ರಿಯ ಗೆಳೆಯರೇ,

ನೀವು ಕಳಿಸಿದ 'ಬೈಬಲಿನ ಮೂರ್ಖರು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ನಾಲ್ಕನೇ ಪುಟ ಓದಿದ ಮೇಲೆ ಸುಮ್ನೆ ವಾಪಸು ಕಳಿಸಲು ಮನಸ್ಸು ಬರಲಿಲ್ಲ.

ಆ ಪುಟದಲ್ಲಿ ನಿಮ್ಮ ತಂದೆ ಇದ್ದಾರೆ. ಸಿಂಧನೂರಿನ ಹತ್ತಿರ, ರಸ್ತೆ ಬದಿಗೆ ಭತ್ತ ಒಣಹಾಕಿ, ರೇಟು ಇನ್ನೊಂದಿಷ್ಟು ಏರಲಿ ಅಂತ ಎಂಟು ದಿನ ಕಾದರು. ಒಂಬತ್ತನೇ ದಿನ ಸಂಜೆ ಮಳೆ. ತಾಡಪಾಲು ಸಾಲಲಿಲ್ಲ. ನಿಮ್ಮವ್ವ ಮನೆಯಿಂದ ಕೌದಿ ತಂದು ರಾಶಿಯ ಮೇಲೆ ಹೊದಿಸಿದರು. ಆ ಕೌದಿ ಇನ್ನೂ ನನ್ನ ಕಣ್ಣ ಮುಂದೆ ಇದೆ. ಅಷ್ಟರಲ್ಲೇ ನೀವು ಲೂಕನ ಸುವಾರ್ತೆಯ ಶ್ರೀಮಂತನನ್ನು ಕರೆತಂದು, 'ನನ್ನಪ್ಪನೂ ಅಂಥ ಬುದ್ಧಿಹೀನನೇ' ಅಂದುಬಿಟ್ಟಿರಿ.

ಇದು ಬರವಣಿಗೆಯ ತಪ್ಪಿಗಿಂತ ಜಾಸ್ತಿ ಓದಿನ ತಪ್ಪು.

ಲೂಕನ 12ನೇ ಅಧ್ಯಾಯ ಮತ್ತೆ ತೆಗೆಯಿರಿ. ಆಸ್ತಿ ಪಾಲು ಮಾಡಲು ನನ್ನ ಅಣ್ಣನಿಗೆ ಹೇಳಿ ಅಂತ ಒಬ್ಬ ಬಂದು ಯೇಸುವನ್ನು ಕೇಳುತ್ತಾನೆ. ನಮ್ಮೂರ ಕಟ್ಟೆಯ ಮೇಲೂ ದಿನಾ ಕೇಳುವ ಜಗಳ. ಅದಕ್ಕೆ ಉತ್ತರವಾಗಿ ಕಥೆ ಬರುತ್ತದೆ. ಒಬ್ಬ ಶ್ರೀಮಂತನ ಹೊಲ ಚೆನ್ನಾಗಿ ಬೆಳೆದಿದೆ. ಏನು ಮಾಡಲಿ ಅಂತ ಆ ಮನುಷ್ಯ ಯಾರನ್ನೂ ಕೇಳುವುದಿಲ್ಲ. ತನ್ನೊಳಗೇ ಮಾತಾಡಿಕೊಳ್ಳುತ್ತಾನೆ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ನನ್ನ ಜೀವ. ಇಡೀ ಕಥೆಯಲ್ಲಿ ಎರಡನೇ ದನಿ ದೇವರದು, ಅದು ಕೇಳಿಸುವ ರಾತ್ರಿಯೇ ಅವನ ಪ್ರಾಣ ಹೋಗುವ ರಾತ್ರಿ. ನಿಮ್ಮ ತಂದೆಗೆ ಕಣಜ ಎಲ್ಲಿತ್ತು? ಇದ್ದದ್ದು ಗೊಬ್ಬರದಂಗಡಿಯ ಸಾಲ. ನೀವೇ ಬರೆದಿದ್ದೀರಿ.

ಮೂರ್ಖತನ ಬೇರೆ, ಮನುಷ್ಯನ ಬುದ್ಧಿ ಒಂದು ಕಡೆ ನಿಂತುಹೋಗುವುದು ಬೇರೆ. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಇಸ್ರಾಯೇಲಿನ ರಾಜ ಸೊಲೊಮೋನನ ಮಗ ರೆಹಬ್ಬಾಮ ಮೂರ್ಖ, ಒಪ್ಪುತ್ತೇನೆ. ಜನರ ಭಾರ ಇಳಿಸು ಅಂತ ಹಿರಿಯರು ಹೇಳಿದ್ದರು. ಅದನ್ನು ಬಿಟ್ಟು ವಾರಿಗೆಯ ಗೆಳೆಯರ ಮಾತು ಕೇಳಿ ಹತ್ತು ಕುಲ ಕಳೆದುಕೊಂಡ. ಒಳ್ಳೆಯ ಮಾತು ಅವನ ಕಿವಿಯವರೆಗೆ ಬಂದಿತ್ತು. ಆದರೆ ಮಳೆ ಯಾವತ್ತು ಬರುತ್ತೆ ಅಂತ ನಿಮ್ಮ ತಂದೆಗೆ ಯಾರು ಹೇಳಿದ್ದರು?

ಅವರ ಜಾಗ ಬೈಬಲಿನ 'ಪ್ರಸಂಗಿ' ಎಂಬ ಪುಸ್ತಕದಲ್ಲಿದೆ. 9ನೇ ಅಧ್ಯಾಯ ನೋಡಿ. ಜೋರಾಗಿ ಓಡುವವನೇ ಗೆಲ್ಲುತ್ತಾನೆ ಅಂತಿಲ್ಲ, ಜಾಣನಿಗೇ ಅನ್ನ ಸಿಗುತ್ತದೆ ಅಂತಿಲ್ಲ, ಬಲೆಗೆ ಬಿದ್ದ ಮೀನಿನ ಹಾಗೆ ಮನುಷ್ಯ ಕೆಟ್ಟ ಕಾಲಕ್ಕೆ ಸಿಕ್ಕಿಬೀಳುತ್ತಾನೆ. ಆ ಪುಸ್ತಕದಲ್ಲಿ ನಾವು 'ವ್ಯರ್ಥ' ಅಂತ ಓದುವ ಕಡೆ ಹೀಬ್ರೂವಿನಲ್ಲಿ ಇರುವುದು 'ಹೆವೆಲ್'. ಅಂದರೆ ಉಸಿರು, ಹಬೆ. ಮರುದಿನ ಬೆಳಿಗ್ಗೆ ರಾಶಿ ತಿರುವಿದಾಗ ಒಳಗಿಂದ ಹಬೆ ಎದ್ದಿತು ಅಂತ ಬರೆದಿದ್ದೀರಲ್ಲ, ಅದೇ! ಕೈಯಲ್ಲೇ ಇತ್ತು, ಬಿಟ್ಟುಬಿಟ್ಟಿರಿ.

ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನ ಮೂವರು ಗೆಳೆಯರನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅವರು ಏಳು ದಿನ, ಏಳು ರಾತ್ರಿ ಬಾಯಿ ಬಿಡದೆ ಅವನ ಪಕ್ಕ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಸರಿಯಾಗಿಯೇ ಇದ್ದರು. ಅವನ ಕಷ್ಟಕ್ಕೆ ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ನೀವು ನಿಮ್ಮ ತಂದೆಯ ಪಕ್ಕ ಏಳು ಸಾಲು ಕೂಡ ಕೂರಲಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಮೂವತ್ತೊಂದು ಬೈಬಲ್ ವಚನ ಜಾಸ್ತಿಯಾಯಿತು, ಮೂರು ಸಾಕು. ಅಪ್ಪನ ಪುಟದಲ್ಲಿ ನಿಮ್ಮ ಮಾತಿದೆ, ಉಳಿದ ಕಡೆ ಚರ್ಚಿನ ಉಪದೇಶದ ಗತ್ತು. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲೇ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಈ ಸೀಮೆಯ ಮಾತಿಗೂ ಆ ಪುಸ್ತಕಕ್ಕೂ ಅಷ್ಟು ಹಳೆಯ ನಂಟಿದೆ. ಸಂಕೋಚ ಬೇಡ.

ಮೊದಲ ಮೂರು ಪುಟ ತೆಗೆದುಹಾಕಿ, ಮಳೆಯಿಂದ ಶುರುಮಾಡಿ. ಒದ್ದೆ ಕೌದಿಯನ್ನು ನಿಮ್ಮವ್ವ ಎಲ್ಲಿ ಒಣಹಾಕಿದರು, ಭತ್ತ ಕೊನೆಗೆ ಯಾವ ರೇಟಿಗೆ ಹೋಯಿತು, ಆ ರಾತ್ರಿ ನಿಮ್ಮ ತಂದೆ ಊಟ ಮಾಡಿದರಾ, ಅದನ್ನೆಲ್ಲ ಬರೆದು ಮತ್ತೆ ಕಳಿಸಿ.